ಸೈಕಿಯಾಟ್ರಿ ಪಿಜಿಗೆ ಮಂಗಳೂರಿಗೆ ಬರ್ತಿದ್ದೀರಾ? ಮೊದಲು ಎರಡನೇ ಪ್ರಶ್ನೆ ಕೇಳ್ಲಿಕ್ಕೆ ಕಲೀರಿ

ಸೈಕಿಯಾಟ್ರಿ ಎಂಡಿಗೆ ಸೀಟ್ ಹಂಚುವ ಕೌನ್ಸೆಲಿಂಗ್ ಮುಗ್ದು ಸೀಟ್ ಪಕ್ಕಾ ಆದ ಕೂಡ್ಲೆ ಜೂನಿಯರ್‌ಗಳು ಫೋನ್ ಮಾಡಿ ಕೇಳುದು ಮೂರೇ ವಿಷಯ, ಯಾವ ಪುಸ್ತಕ ತಕ್ಕೊಳ್ಳುದು, ಡ್ಯೂಟಿ ಎಷ್ಟು ಟೈಟ್, ಹಾಸ್ಟೆಲ್ ಊಟ ಹೇಗೆ ಅಂತ. ಪುಸ್ತಕ ಲೈಬ್ರರಿಯಲ್ಲಿ ಉಂಟು, ಡ್ಯೂಟಿ ಹೇಗಿದ್ರೂ ತಪ್ಪುದಿಲ್ಲ, ಊಟದ ಬಗ್ಗೆ ಮಾತಾಡದೇ ಇರುದು ಒಳ್ಳೇದು. ನಾನು ಪುತ್ತೂರು ಕಡೆಯವ, ಇಲ್ಲೇ ಒಂದು ಡೀಮ್ಡ್ ಯುನಿವರ್ಸಿಟಿ ಕಾಲೇಜಲ್ಲಿ ಮೂರು ವರ್ಷದ ಎಂಡಿ ಮುಗ್ಸಿ ಈಗ ಸೀನಿಯರ್ ರೆಸಿಡೆಂಟ್ ಆಗಿದ್ದೇನೆ, ಫಸ್ಟ್ ಇಯರಲ್ಲಿ ಯಾರಾದ್ರೂ ಕೂರ್ಸಿ ಹೇಳಿದ್ರೆ ಇಷ್ಟು ಬೈಗುಳ ತಿನ್ಬೇಕಿರ್ಲಿಲ್ಲ ಅಂತ ಅನ್ಸಿದ್ದನ್ನೆಲ್ಲ ಇಲ್ಲಿ ಹಾಕ್ತಿದ್ದೇನೆ. ನೀವು ಮಣಿಪಾಲಕ್ಕೆ ಬನ್ನಿ, ಕಂಕನಾಡಿಗೆ ಬನ್ನಿ, ದೇರಳಕಟ್ಟೆಗೆ ಬನ್ನಿ, ಪೇಶೆಂಟ್‌ಗಳು ಅದೇ ಕಾಸರಗೋಡಿಂದ ಬೈಂದೂರು ತನಕದವರು, ಘಟ್ಟದ ಮೇಲಿನವರೂ ಬರ್ತಾರೆ.

ಮೊದಲು ಭಾಷೆ. ಒಂದು ಬೆಳಿಗ್ಗೆಯ ಓಪಿಡಿಯಲ್ಲಿ ತುಳು, ಕನ್ನಡ, ಕೊಂಕಣಿ, ಬ್ಯಾರಿ, ಮಲಯಾಳಂ ಎಲ್ಲ ಬರ್ತದೆ, ಮಧ್ಯದಲ್ಲಿ ಒಬ್ರು ಕುಂದಾಪ್ರದವ್ರು ಬಂದು "ನಿದ್ರಿ ಬತ್ತಿಲ್ಲೆ" ಅಂತಾರೆ. ನನ್ನ ಬ್ಯಾಚ್‌ಮೇಟ್ ಒಬ್ಬ ರಾಜಸ್ಥಾನದವ, ಪಾಪ ಬಂದು ಎರಡೇ ವಾರ ಆಗಿತ್ತು, ಒಬ್ರು ಅಜ್ಜಿ "ಎಂಕ್ ಮಂಡೆ ಬೆಚ್ಚ ಆಪುಂಡು" ಅಂದ್ರು, ಜೊತೆಗಿದ್ದ ಮೊಮ್ಮಗ ಅದನ್ನು ಹಿಂದಿಯಲ್ಲಿ ಸರಿಯಾಗಿ ಶಬ್ದಕ್ಕೆ ಶಬ್ದ ತಲೆ ಬಿಸಿಯಾಗ್ತದೆ ಅಂತ ಹೇಳಿದ, ಇವ ಜ್ವರ ಅಂತ ಬರ್ದು ಮೆದುಳು ಜ್ವರ ಇರ್ಬಹುದಾ ನೋಡಿ ಅಂತ ಮೆಡಿಸಿನ್‌ಗೆ ರೆಫರ್ ಮಾಡಿದ. ಅಜ್ಜಿಗೆ ಇದ್ದದ್ದು ಮಗಳ ಮದುವೆ ಮುರ್ದು ಬಿದ್ದ ಚಿಂತೆ. ಮಂಡೆ ಬೆಚ್ಚ ಅಂದ್ರೆ ಟೆನ್ಶನ್ ಅಂತ ಈ ಊರಿನ ಚಿಕ್ಕ ಮಕ್ಕಳಿಗೂ ಗೊತ್ತು, ಆದ್ರೆ ನಮ್ಮ ಯಾವ ಟೆಕ್ಸ್ಟ್‌ಬುಕ್ಕಲ್ಲೂ ಅದು ಇಲ್ಲ.

ಹಾಗಾಗಿ ಬಂದ ಮೊದಲ ತಿಂಗಳಲ್ಲೇ ಹತ್ತಿಪ್ಪತ್ತು ವಾಕ್ಯ ತುಳು ಬಾಯಿಪಾಠ ಮಾಡಿ, ವ್ಯಾಕರಣ ತಪ್ಪಿದ್ರೆ ಯಾರೂ ಎಂತ ಹೇಳುದಿಲ್ಲ. "ಒಣಸ್ ಆಂಡಾ" (ಊಟ ಆಯ್ತಾ), "ನಿದ್ರೆ ಬರ್ಪುಂಡಾ" (ನಿದ್ರೆ ಬರ್ತದಾ), "ದಾದ ಆಂಡ್" (ಎಂತ ಆಯ್ತು), "ಏತ್ ದಿನ ಆಂಡ್" (ಎಷ್ಟು ದಿನ ಆಯ್ತು), "ಪೋಡಿಗೆ ಆಪುಂಡಾ" (ಹೆದ್ರಿಕೆ ಆಗ್ತದಾ), ಇಷ್ಟರಲ್ಲೇ ಅರ್ಧ ಹಿಸ್ಟರಿ ಬರ್ತದೆ. ಅನುವಾದಕ್ಕೆ ಮನೆಯವರನ್ನು ಕೂರ್ಸುದಕ್ಕಿಂತ ವಾರ್ಡಿನ ಆಯಾನನ್ನೋ ಸಿಸ್ಟರನ್ನೋ ಕರೀರಿ, ಯಾಕಂದ್ರೆ ಗಂಡನ ಎದ್ರು ಹೆಂಡತಿ ಹೇಳುದು ಬೇರೆ, ಗಂಡ ಅದನ್ನು ಕನ್ನಡ ಮಾಡಿ ಹೇಳುದು ಮತ್ತೂ ಬೇರೆ. ಇನ್ನೊಂದು, ಇಲ್ಲಿ "ಮರ್ಲ್" (ಹುಚ್ಚು) ಅನ್ನುವ ಶಬ್ದಕ್ಕೆ ಜನ ತುಂಬ ಹೆದರ್ತಾರೆ, ಕುರ್ಚಿಯಲ್ಲಿ ಕೂತ ಮೊದಲ ಮಾತೇ "ನಂಗೆ ಮರ್ಲ್ ಇಲ್ಲ ಡಾಕ್ಟ್ರೆ" ಅಂತ ಇರ್ತದೆ, ಅದಕ್ಕೆ ವಾದ ಮಾಡ್ಲಿಕ್ಕೆ ಹೋಗ್ಬೇಡಿ, ಆಯ್ತು ನಿದ್ರೆ ಹೇಗುಂಟು ಹೇಳಿ ಅಂತ ಅಲ್ಲಿಂದ ಶುರು ಮಾಡಿ.

ಚೀಫ್ ಕಂಪ್ಲೇಂಟನ್ನು ಪೇಶೆಂಟ್ ಯಾವ ಭಾಷೆಯಲ್ಲಿ ಹೇಳಿದ್ರೋ ಅದೇ ಮಾತಲ್ಲಿ ಬರೀರಿ, ಆಮೇಲೆ ಅರ್ಥ ಬರೀರಿ. "ಯಾರೋ ಕಿವಿಯಲ್ಲಿ ಮಾತಾಡ್ತಾರೆ" ಅಂದದ್ದನ್ನು ನೀವು ನೇರ ಆಡಿಟರಿ ಹ್ಯಾಲುಸಿನೇಶನ್ (ಇಲ್ಲದ ಸ್ವರ ಕೇಳುದು) ಅಂತ ಬರ್ದ್ರೆ ಕನ್ಸಲ್ಟೆಂಟ್ ರೌಂಡ್ಸಲ್ಲಿ ಕೇಳ್ತಾರೆ, ಒಬ್ರಾ ಇಬ್ರಾ, ಅವನ ಹತ್ರ ಮಾತಾಡುದಾ ಅವನ ಬಗ್ಗೆ ಅವ್ರವ್ರೇ ಮಾತಾಡಿಕೊಳ್ಳುದಾ, ಹೊರಗಿಂದ ಕೇಳುದಾ ತಲೆ ಒಳಗಿಂದವಾ, ಗುರ್ತದ ಸ್ವರವಾ, ಆಗ ನೀವು ಫೈಲ್ ಮುಚ್ಚಿ ಪುನಃ ಬೆಡ್ ಹತ್ರ ಹೋಗುದೇ. ನಾನು ಎಷ್ಟು ಸಲ ಹೋದೆನೋ ಲೆಕ್ಕ ಇಲ್ಲ. ಮೊದಲನೇ ಉತ್ತರ ಸಿಕ್ಕಿದ ಕೂಡ್ಲೆ ಪೆನ್ ಓಡ್ಸುದು ಎಂಬಿಬಿಎಸ್ ಅಭ್ಯಾಸ, ಇಲ್ಲಿ ಅದನ್ನು ಬಿಡ್ಬೇಕು.

ಇದು ನಂಗೆ ಗೊತ್ತಾದದ್ದು ಒಬ್ರು ಬೋಟಿನವ್ರಿಂದ. ಫಸ್ಟ್ ಇಯರ್, ಆರ್ಥೋ ವಾರ್ಡಿಂದ ಕಾಲ್ ಬಂತು, ಬೋಟಲ್ಲಿ ಜಾರಿ ಬಿದ್ದು ತೊಡೆ ಮೂಳೆ ಮುರ್ದ ಪೇಶೆಂಟ್, ಅಡ್ಮಿಟ್ ಆಗಿ ಎರಡನೇ ದಿನ, ರಾತ್ರಿ ನಿದ್ರೆ ಇಲ್ಲ, ನೋಡಿ ಅಂತ. ಹೋದೆ. ಬೆವರ್ತಾ ಇದ್ರು, ಕೈ ಸ್ವಲ್ಪ ನಡುಗ್ತಿತ್ತು, ಮೇ ತಿಂಗಳ ಸೆಕೆಗೆ ಆ ವಾರ್ಡಲ್ಲಿ ಬೆವರದವ್ರು ಯಾರು. "ಕುಡಿತೀರಾ" ಕೇಳಿದೆ. "ಇಲ್ಲ ಡಾಕ್ಟ್ರೆ, ಬಿಟ್ಟೆ" ಅಂದ್ರು. ನಾನು ಸಬ್‌ಸ್ಟೆನ್ಸ್ ಯೂಸ್ ಇಲ್ಲ ಅಂತ ಬರ್ದು ನಿದ್ರೆಗೆ ಒಂದು ಮಾತ್ರೆ ಬರ್ದು ಬಂದೆ. ಮರುದಿನ ರಾತ್ರಿ ಎರಡು ಗಂಟೆಗೆ ಪುನಃ ಫೋನ್, ಆರ್ಥೋದವ ಕಿರುಚ್ತಿದ್ದ, ನಿಮ್ಮ ಪೇಶೆಂಟ್, ನಿಮ್ಮ ವಾರ್ಡಿಗೆ ತಕ್ಕೊಂಡು ಹೋಗಿ ಅಂತ. ಹೋಗಿ ನೋಡ್ತೇನೆ, ಟ್ರಾಕ್ಷನ್ ಹಾಕಿದ ಕಾಲು ಹಾಗೇ ಉಂಟು, ಇವ್ರು ಅರ್ಧ ಎದ್ದು ಕೂತು ಬೆಡ್‌ಶೀಟನ್ನು ಎಡಗೈಯಲ್ಲಿ ಎಳ್ದು ಹಿಡ್ದು, ಬಲಗೈಯಲ್ಲಿ ಇಲ್ಲದ ಸೂಜಿ ಹಿಡ್ಕೊಂಡು ಬಲೆ ಹೆಣೀತಾ ಇದ್ದಾರೆ. ಎಷ್ಟು ಚಂದ ಹೆಣೀತಿದ್ರು ಅಂದ್ರೆ ಗಂಟು ಬಿಗಿದ ಮೇಲೆ ದಾರ ಕಚ್ಚಿ ತುಂಡು ಸಹ ಮಾಡ್ತಿದ್ರು. ಮೂಲೆಯಲ್ಲಿ ಕೂತಿದ್ದ ಹೆಂಡತಿ ಹತ್ರ, ಇವ್ರು ಕುಡಿಯುದು ಬಿಟ್ಟದ್ದು ಯಾವಾಗ ಅಂತ ಕೇಳಿದೆ. "ಮೊನ್ನೆ, ಬಿದ್ದ ದಿವ್ಸ" ಅಂದ್ರು.

ಸುಳ್ಳು ಹೇಳಿರ್ಲಿಲ್ಲ ಅಲ್ವಾ ಆ ಮನುಷ್ಯ. ಬಿಟ್ಟದ್ದು ಹೌದು.

ಆದ್ರಿಂದ ಕುಡಿತೀರಾ ಅಂತ ಕೇಳಿ ನಿಲ್ಲಿಸ್ಬೇಡಿ, ಕೊನೆಗೆ ಕುಡ್ದದ್ದು ಯಾವ ದಿನ, ಎಷ್ಟು ಗಂಟೆಗೆ, ಎಷ್ಟು, ಬೆಳಿಗ್ಗೆ ಎದ್ದ ಕೂಡ್ಲೆ ಬೇಕಾಗ್ತದಾ, ಮೊದಲು ಯಾವಾಗಾದ್ರೂ ಬಿಟ್ಟಾಗ ಫಿಟ್ಸ್ ಬಂದದ್ದುಂಟಾ, ಇಷ್ಟನ್ನು ಪೇಶೆಂಟ್ ಹತ್ರ ಒಮ್ಮೆ ಮನೆಯವರ ಹತ್ರ ಒಮ್ಮೆ ಬೇರೆ ಬೇರೆ ಕೇಳಿ. ಫಿಟ್ಸ್ ಸಾಧಾರಣ ಕೊನೆಯ ಕುಡಿತ ಆಗಿ 6ರಿಂದ 48 ಗಂಟೆ ಒಳಗೆ ಬರುದು, ಕುಡಿತ ನಿಂತಾಗ ಪ್ರಜ್ಞೆ ಗೊಂದಲವಾಗಿ ಇಲ್ಲದ್ದೆಲ್ಲ ಕಾಣುವ ಡೆಲಿರಿಯಮ್ ಟ್ರೆಮೆನ್ಸ್ 48ರಿಂದ 96 ಗಂಟೆಗೆ, ಹಾಗಾಗಿ ಆಪರೇಷನ್‌ಗೆ ಅಂತ ಬಂದು ಮೂರನೇ ರಾತ್ರಿ ಗಲಾಟೆ ಮಾಡುವ ಪೇಶೆಂಟ್ ಅಂದ್ರೆ ಮೊದಲು ಇದೇ ನೆನಪಾಗ್ಬೇಕು. ಥಯಮಿನ್ ಇಂಜೆಕ್ಷನ್ ಕೊಟ್ಟು ಆಮೇಲೆ ಗ್ಲೂಕೋಸ್, ಲಿವರ್ ಹೇಗುಂಟೋ ಗೊತ್ತಿಲ್ಲದಿದ್ರೆ ಲೊರಾಜೆಪಾಮ್, ಹ್ಯಾಲೊಪೆರಿಡಾಲ್ ಒಂದನ್ನೇ ಕೊಟ್ಟು ಮಲಗ್ಸುವ ಆಸೆ ಬೇಡ ಯಾಕಂದ್ರೆ ಅದು ಫಿಟ್ಸಿಗೆ ಇನ್ನೂ ದಾರಿ ಮಾಡಿ ಕೊಡ್ತದೆ. ಬಿದ್ದವ್ರಾದ್ರೆ ತಲೆಗೆ ಪೆಟ್ಟು ಬಿದ್ದಿದೆಯಾ ನೋಡಿ, ಶುಗರ್, ಸೋಡಿಯಂ ನೋಡಿ, ಅದಾಗದೆ ಸೈಕಿಯಾಟ್ರಿ ವಾರ್ಡಿಗೆ ಶಿಫ್ಟ್ ಮಾಡ್ಲಿಕ್ಕೆ ಒಪ್ಬೇಡಿ, ಸೀನಿಯರ್‌ಗೆ ಫೋನ್ ಮಾಡಿ, ರಾತ್ರಿ ಎರಡಾದ್ರೂ ಮಾಡಿ, ಬೈದ್ರೆ ಬೈಲಿ. ಇನ್ನು ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆಗೆ ರಜೆ, ಮಲ್ಪೆ, ಬಂದರು ಕಡೆಯವರು ಕುಡಿತ ಬಿಡ್ಲಿಕ್ಕೆ ಅಂತ ಅಡ್ಮಿಟ್ ಆಗುದು ನಾನು ನೋಡಿದ ಹಾಗೆ ಆ ಮಳೆಗಾಲದಲ್ಲೇ ಜಾಸ್ತಿ, ಆಗ ರಜೆ ಕೇಳ್ಬೇಡಿ, ಸಿಗುದಿಲ್ಲ.

ಫ್ಯಾಮಿಲಿ ಹಿಸ್ಟರಿಗೆ ಬರುವ. ಮೂರು ತಲೆಮಾರಿನ ಚಿತ್ರ ಬರೀಬೇಕು, ಚೌಕ ಗಂಡಸು, ವೃತ್ತ ಹೆಂಗಸು, ಅದೆಲ್ಲ ನಿಮ್ಗೆ ಗೊತ್ತೇ ಉಂಟು. ಗೊತ್ತಿಲ್ಲದ್ದು "ಮಾವ". "ನಮ್ಮ ಮಾವನಿಗೂ ಹೀಗೇ ಇತ್ತು" ಅಂದ್ರೆ ಅಮ್ಮನ ಅಣ್ಣನೂ ಆಗ್ಬಹುದು ಹೆಂಡತಿಯ ಅಪ್ಪನೂ ಆಗ್ಬಹುದು, ಒಂದ್ರಲ್ಲಿ ರಕ್ತ ಸಂಬಂಧ ಉಂಟು ಇನ್ನೊಂದ್ರಲ್ಲಿ ಇಲ್ಲ, ಸೋದರ ಮಾವನ ಮಗಳನ್ನೇ ಮದುವೆ ಆಗಿದ್ರೆ ಎರಡೂ ಒಬ್ರೇ. ಅಳಿಯಕಟ್ಟಿನ, ಅಂದ್ರೆ ವಂಶ ತಾಯಿ ಕಡೆಯಿಂದ ಲೆಕ್ಕ ಹಾಕುವ ಮನೆಯವರಾದ್ರೆ ತಾಯಿ ಕಡೆಯ ಕತೆ ಪೂರ್ತಿ ಹೇಳ್ತಾರೆ, ಅಪ್ಪನ ಕಡೆಯದ್ದು ಕೇಳಿದ್ರೆ ಮಾತ್ರ ಹೇಳುದು. ಕೇಳಿ.

ದೈವದ ವಿಷಯದಲ್ಲಿ ಹೊರಗಿಂದ ಬಂದವರು ಎರಡು ರೀತಿ ಎಡವ್ತಾರೆ, ಒಂದೋ ಎಲ್ಲವನ್ನೂ ಸೈಕೋಸಿಸ್ (ವಾಸ್ತವದ ಹಿಡಿತ ತಪ್ಪುವ ಕಾಯಿಲೆ) ಅಂತ ಬರೀತಾರೆ, ಇಲ್ಲಾಂದ್ರೆ ಇದು ಇವರ ಸಂಸ್ಕೃತಿ ಅಂತ ಕಾಯಿಲೆಯನ್ನೂ ಬಿಟ್ಟು ಬಿಡ್ತಾರೆ. ಕಾಯಿಲೆಗಳ ಅಂತಾರಾಷ್ಟ್ರೀಯ ಪಟ್ಟಿ ಐಸಿಡಿ-11ರಲ್ಲೇ ಉಂಟು, ಸಮುದಾಯ ಒಪ್ಪಿದ ಆಚರಣೆಯ ಭಾಗವಾಗಿ ಮೈಮೇಲೆ ಬರುದು ಕಾಯಿಲೆ ಅಲ್ಲ. ಹಾಗಾದ್ರೆ ಗೊತ್ತಾಗುದು ಹೇಗೆ? ಮನೆಯವರ ಹತ್ರ ಕೇಳಿ, ದರ್ಶನ (ದೈವ ಮೈಮೇಲೆ ಬರುದು) ಕೋಲದ, ಅಂದ್ರೆ ದೈವದ ಆರಾಧನೆಯ ಹೊತ್ತಲ್ಲಿ ಮಾತ್ರವಾ ಅಥವಾ ಅಡುಗೆ ಮನೆಯಲ್ಲಿ ಪಾತ್ರೆ ತೊಳೆಯುವಾಗಲೂ ಬರ್ತದಾ, ಬಂದದ್ದು ಇಳೀತದಾ, ಇಳಿದ ಮೇಲೆ ಊಟ ನಿದ್ರೆ ಕೆಲಸ ಮೊದಲಿನ ಹಾಗೆ ಉಂಟಾ, ಊರಿನ ಹಿರಿಯರು ಇದನ್ನು ದರ್ಶನ ಅಂತ ಒಪ್ತಾರಾ. ಒಮ್ಮೆ ಒಬ್ರು ಅಮ್ಮ ಮಗನ ಬಗ್ಗೆ ನಂಗೆ ಹೇಳಿದ್ದು ಈಗಲೂ ನೆನಪುಂಟು, "ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ದೈವ ನಂಬಿದವ್ರು ಡಾಕ್ಟ್ರೆ, ದೈವ ಹೀಗೆ ಮಾತಾಡುದಿಲ್ಲ, ಇದು ಬೇರೆ ಎಂತದೋ". ಅಷ್ಟು ಒಳ್ಳೆ ಡಯಾಗ್ನೋಸಿಸ್ ನಾನು ಆ ದಿನ ಮಾಡಿರ್ಲಿಲ್ಲ. ಜ್ಯೋತಿಷ್ಯರ ಹತ್ರ ಪ್ರಶ್ನೆ ಇಟ್ಟು ಪರಿಹಾರ ಮಾಡಿಸಿ ಬಂದವರಿಗೆ ಬೈಬೇಡಿ, ಅದೂ ಮಾಡಿ ಮಾತ್ರೆನೂ ತಿನ್ನಿ ಅಂದ್ರೆ ಮುಂದಿನ ತಿಂಗಳು ಫಾಲೋಅಪ್‌ಗೆ ಬರ್ತಾರೆ.

ಜೀವ ಕಳ್ಕೊಳ್ಳುವ ಯೋಚನೆ ಬಗ್ಗೆ ಕೇಳ್ಲಿಕ್ಕೆ ಹೆದ್ರಿಕೆ ಆಗ್ತದೆ, ನಾವು ಕೇಳಿದ್ರೆ ಅವ್ರಿಗೆ ಯೋಚನೆ ಬಂದೀತು ಅಂತ. ಬರುದಿಲ್ಲ. "ಬದುಕುದೇ ಬೇಡ ಅಂತ ಅನ್ಸಿದ್ದುಂಟಾ" ಅಂತ ಸೀದಾ ಕೇಳಿ, ಉಂಟು ಅಂದ್ರೆ ಅಲ್ಲಿಗೆ ಬಿಡ್ಬೇಡಿ, ಹೇಗೆ ಅಂತ ಯೋಚನೆ ಮಾಡಿದ್ದೀರಾ, ತಯಾರಿ ಮಾಡಿದ್ದೀರಾ, ತಡೆದದ್ದು ಯಾವುದು. ತೋಟದ ಮನೆಗಳಲ್ಲಿ ಅಡಿಕೆಗೆ ಹೊಡಿಯುವ ಮದ್ದು, ಹುಲ್ಲಿನ ಮದ್ದು ಇದ್ದೇ ಇರ್ತದೆ, ಅದನ್ನು ಬೀಗ ಹಾಕಿ ಕೀ ಬೇರೆಯವರ ಹತ್ರ ಕೊಡ್ಲಿಕ್ಕೆ ಮನೆಯವರಿಗೆ ಅದೇ ದಿನ ಹೇಳಿ. ಡಿಸ್ಚಾರ್ಜ್ ಚೀಟಿಯಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಬರೀರಿ, 2022ರಿಂದ ಉಂಟು ಅದು, ಫ್ರೀ, ಕನ್ನಡದಲ್ಲೂ ಮಾತಾಡ್ತಾರೆ. ಪ್ರಯತ್ನ ಮಾಡಿ ಬಂದವರ ಮನೆಯವರು ಪೊಲೀಸ್ ಕೇಸ್ ಅಂತ ಹೆದರ್ತಾರೆ, 2017ರ ಮೆಂಟಲ್ ಹೆಲ್ತ್‌ಕೇರ್ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ ಅಂಥವ್ರು ತೀವ್ರ ಒತ್ತಡದಲ್ಲಿ ಇದ್ರು ಅಂತಲೇ ಮೊದಲು ತಿಳ್ಕೊಳ್ಬೇಕು, ಶಿಕ್ಷೆ ಮಾಡುದಲ್ಲ, ಅದನ್ನು ಅವರಿಗೆ ಅರ್ಥ ಆಗುವ ಹಾಗೆ ಹೇಳಿ.

ಅದೇ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿ ಉಂಟು, ಪಿಜಿಗಳು ಅದನ್ನು ಪರೀಕ್ಷೆಗೆ ಮಾತ್ರ ಓದುದು, ಆದ್ರೆ ಫಾರ್ಮ್ ತುಂಬುವವ ರಾತ್ರಿ ಡ್ಯೂಟಿಯ ಪಿಜಿನೇ. ಪೇಶೆಂಟ್ ತಾನೇ ಒಪ್ಪಿ ಬಂದ್ರೆ 86ನೇ ಸೆಕ್ಷನ್, ಒಪ್ಪುವ ಸ್ಥಿತಿಯಲ್ಲಿ ಇಲ್ಲದೆ ನಾಮಿನೇಟೆಡ್ ರೆಪ್ರೆಸೆಂಟೇಟಿವ್ (ಪೇಶೆಂಟ್ ಪರವಾಗಿ ನಿಲ್ಲುವವ) ಅರ್ಜಿ ಕೊಟ್ರೆ 89, ಅದು 30 ದಿನದ ತನಕ. 89ಕ್ಕೆ ಇಬ್ರು ಬೇರೆ ಬೇರೆ ನೋಡಿ ಬರೀಬೇಕು, ಒಬ್ರು ಸೈಕಿಯಾಟ್ರಿಸ್ಟೇ ಆಗಿರ್ಬೇಕು, ಮೆಂಟಲ್ ಹೆಲ್ತ್ ರಿವ್ಯೂ ಬೋರ್ಡಿಗೆ ಹೆಂಗಸರು, 18 ತುಂಬದವರಾದ್ರೆ 3 ದಿನದೊಳಗೆ, ಬೇರೆಯವರಾದ್ರೆ 7 ದಿನದೊಳಗೆ ತಿಳಿಸ್ಬೇಕು. ನಾಲ್ಕು ಜನ ಹಿಡ್ಕೊಂಡು ಬಂದು "ಸೈನ್ ನಾವು ಮಾಡ್ತೇವೆ ಅಡ್ಮಿಟ್ ಮಾಡಿ" ಅಂದ್ರೆ ಆ ನಾಲ್ಕರಲ್ಲಿ ಯಾರು, ಪೇಶೆಂಟಿಗೆ ಎಂತ ಆಗ್ಬೇಕು, ಪೇಶೆಂಟ್ ಮೊದಲೇ ಯಾರನ್ನಾದ್ರೂ ಹೆಸರಿಸಿದ್ದುಂಟಾ ಕೇಳಿ. ಜಾಗದ ತಕರಾರು ಇರುವ ಮನೆಗಳೂ ಇರ್ತಾವೆ ಮಾರ್ರೆ. ಗಲಾಟೆ ಮಾಡುವ ಪೇಶೆಂಟನ್ನು ನೋಡುವಾಗ ಬಾಗಿಲ ಹತ್ರ ನೀವು ಕೂರಿ, ಕುತ್ತಿಗೆಯ ಸ್ಟೆತ್, ಐಡಿ ಟ್ಯಾಗ್ ತೆಗೆದಿಡಿ, ಒಬ್ರೇ ಹೋಗ್ಬೇಡಿ. ಕಟ್ಟುದು ಕೊನೆಯ ದಾರಿ, ಕಟ್ಟಿದ್ರೆ ಯಾಕೆ, ಎಷ್ಟು ಹೊತ್ತು, ಯಾರು ಹೇಳಿದ್ದು ಎಲ್ಲ ಬರ್ದಿರ್ಬೇಕು.

ಇಸಿಟಿ, ಅಂದ್ರೆ ಮೆದುಳಿಗೆ ಸಣ್ಣ ವಿದ್ಯುತ್ ಕೊಟ್ಟು ಮಾಡುವ ಚಿಕಿತ್ಸೆಗೆ ಇಲ್ಲಿ "ಕರೆಂಟ್ ಕೊಡುದು" ಅಂತ ಹೆಸರು, ಸಿನಿಮಾ ನೋಡಿ ಹೆದ್ರಿ ಬಂದಿರ್ತಾರೆ. ಅನಸ್ತೇಶಿಯಾ, ಮಸಲ್ ರಿಲಾಕ್ಸಂಟ್ ಇಲ್ಲದೆ ಕೊಡ್ಲಿಕ್ಕೇ ಇಲ್ಲ, ಅದೇ ಕಾಯ್ದೆಯ 95ನೇ ಸೆಕ್ಷನ್ ಅದನ್ನು ನಿಷೇಧಿಸಿದೆ. ಸಹಿಗೆ ಮೊದಲು ಮನೆಯವರಿಗೆ ಪೂರ್ತಿ ವಿವರ್ಸಿ, ಕೆಲವು ದಿನ ಮರೆವು ಇರ್ತದೆ ಅನ್ನುದನ್ನೂ ಮುಚ್ಚಿಡ್ಬೇಡಿ. ಬೆಳಿಗ್ಗೆ ಎಂತದೂ ತಿನ್ಲಿಕ್ಕಿಲ್ಲ ಅಂತ ಹೇಳಿದ್ರೆ ಸಾಕಾಗುದಿಲ್ಲ, ನೀರು, ಚಾ ಸಹ ಇಲ್ಲ ಅಂತ ಹೇಳ್ಬೇಕು, ಇಲ್ಲಿ ಚಾ ಕುಡಿಯುದನ್ನು ತಿನ್ನುದು ಅಂತ ಯಾರೂ ಲೆಕ್ಕ ಮಾಡುದಿಲ್ಲ. ಹಲ್ಲಿನ ಸೆಟ್ ತೆಗ್ಸುದು ಮರೀಬೇಡಿ.

ಮದ್ದಿನ ವಿಷಯ ಪುಸ್ತಕದಲ್ಲಿ ಉಂಟು, ಊರಿಗೆ ಸೇರಿದ್ದನ್ನು ಮಾತ್ರ ಹೇಳ್ತೇನೆ. ಬೈಪೋಲಾರ್ ಕಾಯಿಲೆಗೆ ಕೊಡುವ ಲಿಥಿಯಂನ ರಕ್ತದ ಲೆವೆಲ್ ಕೊನೆಯ ಡೋಸ್ ಆಗಿ 12 ಗಂಟೆಗೆ ತೆಗಿಯುದು, 0.6ರಿಂದ 1.0ರ ಸುತ್ತ ಇದ್ರೆ ನೆಮ್ಮದಿ, 1.5 ದಾಟಿದ್ರೆ ಓಡಿ. ಏಪ್ರಿಲ್ ಮೇ ಸೆಕೆಗೆ ಬೆವರಿ ನೀರು ಕಮ್ಮಿ ಆದ್ರೆ, ವಾಂತಿ ಭೇದಿ ಆದ್ರೆ, ಸೊಂಟ ನೋವಿಗೆ ಅಂಗಡಿಯಿಂದ ಪೇನ್ ಕಿಲ್ಲರ್ ತಕ್ಕೊಂಡ್ರೆ ಲೆವೆಲ್ ಮೇಲೆ ಹೋಗ್ತದೆ, ರಂಜಾನ್ ಉಪವಾಸ ಹಿಡಿಯುವವರನ್ನು ಒಂದು ತಿಂಗಳ ಮೊದಲೇ ಕೇಳಿ ಕನ್ಸಲ್ಟೆಂಟ್ ಹತ್ರ ಮಾತಾಡಿ, ನೀವು ಕೇಳದಿದ್ರೆ ಅವ್ರಾಗಿ ಹೇಳುದಿಲ್ಲ, ಮದ್ದನ್ನೇ ತಿಂಗಳು ಬಿಡ್ತಾರೆ. ಬೇರೆ ಮದ್ದಿಗೆ ಬಗ್ಗದ ಸ್ಕಿಜೋಫ್ರೇನಿಯಾಕ್ಕೆ ಕೊಡುವ ಕ್ಲೋಜಪಿನ್ 12.5 ಮಿಲಿಗ್ರಾಮಿಂದ ಶುರು, ಬಿಳಿ ರಕ್ತಕಣ ಕಮ್ಮಿ ಆಗ್ತದಾ ನೋಡ್ಲಿಕ್ಕೆ ಮೊದಲ 18 ವಾರ ವಾರಕ್ಕೊಮ್ಮೆ ರಕ್ತ ಪರೀಕ್ಷೆ, ಪೇಶೆಂಟಿನ ಮನೆ ಸುಳ್ಯದ ಒಳಗೆ ಇದ್ರೆ ವಾರ ವಾರ ಮಂಗಳೂರಿಗೆ ಬರ್ಲಿಕ್ಕೆ ಆಗುದಿಲ್ಲ, ಹತ್ರದ ಲ್ಯಾಬಲ್ಲಿ ತೆಗ್ಸಿ ರಿಪೋರ್ಟ್ ವಾಟ್ಸಾಪ್ ಮಾಡ್ಲಿಕ್ಕೆ ಮೊದಲೇ ವ್ಯವಸ್ಥೆ ಮಾಡಿ. ಮತ್ತೆ ಗಲ್ಫ್. ಲೀವಲ್ಲಿ ಬಂದವರು ವಾಪಸ್ ಹೋಗುವಾಗ ಆರು ತಿಂಗಳ ಮಾತ್ರೆ ಬರ್ಕೊಡಿ ಅಂತಾರೆ, ಕ್ಲೊನಜೆಪಾಮ್ ಅಂಥ ನಿದ್ರೆ, ಆತಂಕದ ಮಾತ್ರೆ ಅಲ್ಲಿಯ ಕೆಲವು ದೇಶಗಳಲ್ಲಿ ಕಂಟ್ರೋಲ್ಡ್, ಪರ್ಮಿಷನ್ ಇಲ್ಲದೆ ಬ್ಯಾಗಲ್ಲಿ ಸಿಕ್ಕಿದ್ರೆ ದೊಡ್ಡ ತೊಂದರೆ. ಫ್ಲೈಟ್ ಯಾವಾಗ ಅಂತ ಕೇಳಿ, ಟೈಮ್ ಇದ್ರೆ ಮದ್ದು ಬದ್ಲಿಸುವ ಯೋಚನೆ ಮಾಡ್ಬಹುದು.

ಥೀಸಿಸ್ ಬಗ್ಗೆ ಉದ್ದ ಬರೀಲಿಕ್ಕೆ ಮನಸ್ಸಿಲ್ಲ. ನಿಮ್ಮ ಓಪಿಡಿಗೆ ದಿನಾ ಬರುವ ಪೇಶೆಂಟ್‌ಗಳ ಮೇಲೆ ಮಾಡಿ, ವರ್ಷಕ್ಕೆ ಎರಡು ಬರುವ ಅಪರೂಪದ ಕಾಯಿಲೆ ಹಿಡ್ಕೊಂಡ್ರೆ ಸ್ಯಾಂಪಲ್ ಆಗುದಿಲ್ಲ. ಸ್ಕೇಲ್ (ಲಕ್ಷಣ ಅಳೆಯುವ ಪ್ರಶ್ನಾವಳಿ) ಕನ್ನಡದಲ್ಲಿ ಉಂಟಾ, ಅದನ್ನು ಬಳಸ್ಲಿಕ್ಕೆ ಪರ್ಮಿಷನ್ ಬೇಕಾ ಅಂತ ಥೀಸಿಸ್‌ನ ಸಿನಾಪ್ಸಿಸ್ ಕೊಡುವ ಮೊದಲೇ ನೋಡಿ. ಮನೆಯಲ್ಲಿ ತುಳು ಮಾತಾಡುವವರು ಓದುದು ಕನ್ನಡದಲ್ಲೇ, ಆದ್ರೆ ಸ್ಕೇಲಿನ ಗ್ರಾಂಥಿಕ ಕನ್ನಡ ಕೇಳಿ ಬೀಡಿ ಕಟ್ಟುವ ಅಕ್ಕ "ಇದೆಂತ ಪರೀಕ್ಷೆಯಾ" ಅಂತಾರೆ, ಓದಿ ಹೇಳಿಯೇ ತುಂಬ್ಬೇಕು. ರಿಸರ್ಚ್ ಆನ್‌ಲೈನ್ ಕೋರ್ಸ್ ಫಸ್ಟ್ ಇಯರಲ್ಲೇ ಮುಗ್ಸಿ ಕೈ ತೊಳ್ಕೊಳ್ಳಿ. ಜಿಲ್ಲೆಯ ಸರ್ಕಾರಿ ಆಸ್ಪತ್ರೆಯಲ್ಲಿ ಕೆಲಸ ಮಾಡುವ ಮೂರು ತಿಂಗಳ ಡಿಸ್ಟ್ರಿಕ್ಟ್ ರೆಸಿಡೆನ್ಸಿಯನ್ನು ರಜೆ ಅಂತ ತಿಳ್ಕೊಂಡು ಹೋಗುವವರಿದ್ದಾರೆ, ನಾನೂ ಹಾಗೇ ಹೋದದ್ದು, ಆದ್ರೆ ಸರ್ಕಾರದ ಮಾನಸಿಕ ಆರೋಗ್ಯದ, ಮಂಗಳವಾರದ ಮನೋಚೈತನ್ಯ ಕ್ಲಿನಿಕ್ಕಿಗೆ ತಾಲೂಕು ಆಸ್ಪತ್ರೆಯಲ್ಲಿ ಕೂತು, ಎರಡು ಬಸ್ ಬದ್ಲಿಸಿ ಬಂದವರನ್ನು ನೋಡಿದ ಮೇಲೆ ನಾನು ಬರೆಯುವ ಮಾತ್ರೆಯ ಸಂಖ್ಯೆ ಕಮ್ಮಿ ಆಯ್ತು. ಬೆಳಿಗ್ಗೆ ಎರಡು, ಮಧ್ಯಾಹ್ನ ಒಂದು, ರಾತ್ರಿ ನಾಲ್ಕು ಅಂತ ಬರ್ದ್ರೆ ತಿನ್ನುವವರು ಯಾರು.

ನಿಮ್ಮ ನಿದ್ರೆ ಹಾಳಾಗಿ, ಊಟ ಸೇರದೆ, ರೌಂಡ್ಸಿಗೆ ಹೋಗ್ಲಿಕ್ಕೆ ಅಳು ಬಂದ್ರೆ ಬ್ಯಾಚ್‌ಮೇಟ್ ಹತ್ರ ಮಾತ್ರೆ ಬರ್ಸ್ಕೊಳ್ಬೇಡಿ, ಬೇರೆ ಕಾಲೇಜಿನ, ನಿಮ್ಮ ಮಾರ್ಕಿಗೂ ರಜೆಗೂ ಸಂಬಂಧ ಇಲ್ಲದವರ ಹತ್ರ ಹೋಗಿ. ಈ ಊರಲ್ಲಿ ಸೈಕಿಯಾಟ್ರಿಸ್ಟ್‌ಗಳಿಗೆ ಬರ ಇಲ್ಲ.

ಪ್ರಾಕ್ಟಿಕಲ್ ಎಕ್ಸಾಮ್. ಲಾಂಗ್ ಕೇಸಿಗೆ (ಒಬ್ಬ ಪೇಶೆಂಟನ್ನು ಪೂರ್ತಿ ನೋಡಿ ಹೇಳುವ ಪರೀಕ್ಷೆಗೆ) ತುಳು ಮಾತ್ರ ಬರುವ ಪೇಶೆಂಟ್ ಬಿದ್ರೆ ಹೊರಗಿನ ಎಕ್ಸಾಮಿನರ್‌ಗೆ ನೀವೇ ದುಭಾಷಿ, ಪೇಶೆಂಟ್ ಹೇಳಿದ್ದನ್ನು ಮೊದಲು ಹಾಗೇ ತುಳುವಲ್ಲಿ ಹೇಳಿ ಆಮೇಲೆ ಅರ್ಥ ಹೇಳಿ, ನಿಮ್ಗೆ ಬೇಕಾದ ಲಕ್ಷಣ ಅದರಲ್ಲಿ ತುರುಕಿಸ್ಬೇಡಿ, ಅವರಿಗೆ ಭಾಷೆ ಬರದಿದ್ರೂ ಪೇಶೆಂಟ್ ಎರಡೇ ಶಬ್ದ ಹೇಳಿ ನೀವು ಎರಡು ನಿಮಿಷ ಅನುವಾದ ಮಾಡಿದ್ರೆ ಗೊತ್ತಾಗ್ತದೆ. ಪೇಶೆಂಟನ್ನು ಬೆಳಿಗ್ಗೆ ಏಳಕ್ಕೇ ತಂದು ಕೂರ್ಸಿರ್ತಾರೆ, ನಿಮ್ಮ ಸರದಿ ಬರುವಾಗ ಹನ್ನೊಂದಾಗಿರ್ತದೆ. ಫೈಲ್ ತೆರೆಯುವ ಮೊದಲು ಚಾ ಆಯ್ತಾ ಕೇಳಿ, ಆಯ್ತು ಅಂದ್ರೆ ತಿಂಡಿ ಆಯ್ತಾ ಅಂತಲೂ ಕೇಳಿ.